ಲಿನಕ್ಸ್ ಬಳಸುವವರಿಗೆ ಫೈರ್‌ವಾಲ್ ಬೇಕೆ, ಆಂಟಿವೈರಸ್ ಬೇಕೆ? ಮನೆ, ಹಾಸ್ಟೆಲ್ ಮತ್ತು ಸಣ್ಣ ಕಚೇರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಹತ್ತದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿಕೊಂಡ ಬೆಳಗಾವಿಯ ವಿದ್ಯಾರ್ಥಿಗಳು, ಲೆಕ್ಕಪತ್ರ ನೋಡುವವರು, ಉದ್ಯಮಬಾಗದ ಸಣ್ಣ ವರ್ಕ್‌ಶಾಪಿನವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಸರ್, ಇದಕ್ಕೆ ಯಾವ ಆಂಟಿವೈರಸ್ ಹಾಕಿಸಬೇಕು?’

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫೈರ್‌ವಾಲನ್ನು ಎಲ್ಲರೂ ಚಾಲೂ ಮಾಡಿಟ್ಟುಕೊಳ್ಳಬೇಕು. ಅದಕ್ಕೆ ದುಡ್ಡೂ ಬೇಡ, ಹೆಚ್ಚು ಹೊತ್ತೂ ಬೇಡ. ಆಂಟಿವೈರಸ್ ಮಾತ್ರ ಬಹುಪಾಲು ಜನರಿಗೆ ಬೇಕಾಗಿಲ್ಲ. ವಿಂಡೋಸ್ ಕಂಪ್ಯೂಟರ್‌ಗಳೊಡನೆ ದಿನವೂ ಕಡತಗಳ ಕೊಡುಕೊಳ್ಳುವಿಕೆ ಇರುವವರಿಗೆ ಅದರಿಂದ ಉಪಯೋಗವಿದೆ, ಆದರೆ ಆ ಉಪಯೋಗ ನಿಮಗಿಂತ ಹೆಚ್ಚಾಗಿ ಎದುರಿನವರಿಗೆ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ನಿಮ್ಮ ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ, ನೀವೇ ಒಪ್ಪಿಗೆ ಕೊಟ್ಟು ಯಾವ ತಂತ್ರಾಂಶವನ್ನು ಒಳಗೆ ಬಿಟ್ಟುಕೊಳ್ಳುತ್ತೀರಿ ಎಂಬುದು ಅದು. ಅಲ್ಲಿ ಎಡವಿದವರನ್ನು ಫೈರ್‌ವಾಲೂ ಕಾಯುವುದಿಲ್ಲ, ಆಂಟಿವೈರಸ್ಸೂ ಕಾಯುವುದಿಲ್ಲ.

ಒಂದು ಸೂಚನೆ: ಈ ಬರಹದಲ್ಲಿ ಟರ್ಮಿನಲ್ ಎಂಬ ಕಿಟಕಿಯಲ್ಲಿ ಟೈಪ್ ಮಾಡುವ ಆದೇಶಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದು ತಿಳಿಸಿದೆ.

ಎರಡರ ಕೆಲಸವೂ ಬೇರೆ

ವಿಂಡೋಸ್ ಕಾಲದಲ್ಲಿ ಅಂಗಡಿಯವರು ‘ಇಂಟರ್ನೆಟ್ ಸೆಕ್ಯುರಿಟಿ’ ಎಂಬ ಹೆಸರಿನ ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಮಾರುತ್ತಿದ್ದುದರಿಂದ ಇವೆರಡೂ ಒಂದೇ ಎಂಬ ಭಾವನೆ ಬಂದಿದೆ. ವಾಸ್ತವದಲ್ಲಿ ಫೈರ್‌ವಾಲ್ ನೋಡುವುದು ಜಾಲದ ಸಂಪರ್ಕಗಳನ್ನು: ಹೊರಗಿನಿಂದ ಯಾರು, ಯಾವ ಪೋರ್ಟಿಗೆ (ಅಂದರೆ ಕಂಪ್ಯೂಟರಿನ ಯಾವ ಸಂಖ್ಯೆಯ ಬಾಗಿಲಿಗೆ) ಬರುತ್ತಿದ್ದಾರೆ, ಅವರನ್ನು ಒಳಗೆ ಬಿಡಬೇಕೆ ಬೇಡವೆ ಎಂಬುದಷ್ಟೇ ಅದರ ಚಿಂತೆ. ಆಂಟಿವೈರಸ್ ನೋಡುವುದು ಕಡತಗಳನ್ನು: ಈ ಕಡತದ ಒಳಗಿರುವುದು ಈಗಾಗಲೇ ಗೊತ್ತಿರುವ ಯಾವುದಾದರೂ ದುಷ್ಟ ತಂತ್ರಾಂಶವನ್ನು ಹೋಲುತ್ತದೆಯೇ ಎಂದು ಅದು ತನ್ನ ಪಟ್ಟಿಯೊಡನೆ ತಾಳೆ ನೋಡುತ್ತದೆ.

ಲಿನಕ್ಸಿನಲ್ಲಿ ಫೈರ್‌ವಾಲ್ ಎಂಬುದನ್ನು ಹೊಸದಾಗಿ ತಂದು ಕೂರಿಸಬೇಕಾಗಿಲ್ಲ. 2001ರಲ್ಲಿ ಬಂದ 2.4ನೇ ಆವೃತ್ತಿಯಿಂದಲೂ ನೆಟ್‌ಫಿಲ್ಟರ್ ಎಂಬ ವ್ಯವಸ್ಥೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಇದೆ. ಐಪಿಟೇಬಲ್ಸ್, 2014ರಲ್ಲಿ ಅದರ ಜಾಗಕ್ಕೆ ಬಂದ ಎನ್‌ಎಫ್‌ಟೇಬಲ್ಸ್, ಉಬುಂಟುವಿನ ಯುಎಫ್‌ಡಬ್ಲ್ಯು, ಫೆಡೋರಾದ ಫೈರ್‌ವಾಲ್‌ಡಿ, ಇವೆಲ್ಲ ಅದಕ್ಕೆ ನಿಯಮಗಳನ್ನು ಬರೆದುಕೊಡುವ ಸಾಧನಗಳು. ‘ಲಿನಕ್ಸಿಗೆ ಒಳ್ಳೆಯ ಫೈರ್‌ವಾಲ್ ಯಾವುದು’ ಎಂಬ ಹುಡುಕಾಟಕ್ಕೆ ಆದ್ದರಿಂದಲೇ ಹೆಚ್ಚು ಅರ್ಥವಿಲ್ಲ. ಕೆಲಸ ಮಾಡುವ ಯಂತ್ರ ಒಂದೇ, ಹಿಡಿಕೆಗಳಷ್ಟೇ ಬೇರೆ.

‘ಲಿನಕ್ಸಿಗೆ ವೈರಸ್ ಬರುವುದಿಲ್ಲ’ ಎಂಬ ಮಾತು

ಈ ಮಾತನ್ನು ಹೇಳುವವರು ಇಂದಿಗೂ ಇದ್ದಾರೆ, ಅದು ತಪ್ಪು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಲಿನಕ್ಸಿನಿಂದಲೇ ನಡೆಯುವ ಸಿಸಿಟಿವಿ ಕ್ಯಾಮೆರಾ ಮತ್ತು ರೂಟರ್‌ಗಳಲ್ಲಿ. ಅದು ಯಾವ ಮಹಾ ತಂತ್ರವನ್ನೂ ಬಳಸಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮಾಲೀಕರು ಬದಲಿಸಿರದ ಉಪಕರಣಗಳನ್ನು ಹುಡುಕಿ ಒಳಹೊಕ್ಕಿತು. ಆ ಉಪಕರಣಗಳ ಬಲದಿಂದಲೇ ಅದೇ ವರ್ಷದ ಅಕ್ಟೋಬರ್ 21ರಂದು, ಜಾಲತಾಣಗಳ ಹೆಸರನ್ನು ವಿಳಾಸವಾಗಿ ಬಿಡಿಸಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು, ದೊಡ್ಡ ದೊಡ್ಡ ಜಾಲತಾಣಗಳು ಹಲವು ಗಂಟೆ ಸಿಗದಂತಾದವು.

ಡೆಸ್ಕ್‌ಟಾಪ್ ಬಳಸುವವರಿಗೆ ಅಪಾಯ ಕಡಿಮೆಯಿರುವುದು ನಿಜ. ಅದಕ್ಕೆ ಎರಡು ಕಾರಣಗಳಿವೆ: ವೈರಸ್ ಬರೆಯುವವರು ಹೆಚ್ಚು ಜನರಿರುವ ಕಡೆಗೇ ಬಲೆ ಬೀಸುತ್ತಾರೆ, ಮತ್ತು ಲಿನಕ್ಸ್ ಬಳಸುವವರು ತಂತ್ರಾಂಶವನ್ನು ಕಂಡಕಂಡ ತಾಣಗಳಿಂದ ಇಳಿಸಿಕೊಳ್ಳದೆ ತಮ್ಮ ವಿತರಣೆಯ (ಮಿಂಟ್, ಉಬುಂಟು ಮುಂತಾದ ಲಿನಕ್ಸ್ ರೂಪದ) ಅಧಿಕೃತ ತಂತ್ರಾಂಶ ಭಂಡಾರದಿಂದ ಪಡೆಯುತ್ತಾರೆ. ಮೂರನೆಯದಾಗಿ ಹಲವರು ಹೇಳುವ ‘ರೂಟ್ (ಇಡೀ ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವುಳ್ಳ ಖಾತೆ) ಪಾಸ್‌ವರ್ಡ್ ಇಲ್ಲದೆ ಏನೂ ಆಗದು’ ಎಂಬ ಕಾರಣವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ನಿಮ್ಮ ಫೋಟೊಗಳು, ಲೆಕ್ಕದ ಹಾಳೆಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಎಲ್ಲವೂ ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ನಿಮ್ಮ ಹೆಸರಿನಲ್ಲಿ ನಡೆಯುವ ಯಾವ ಪ್ರೋಗ್ರಾಮೇ ಆಗಲಿ, ರೂಟ್ ಅಧಿಕಾರವಿಲ್ಲದೆಯೇ ಅವನ್ನೆಲ್ಲ ಓದಬಲ್ಲದು.

ಮೊದಲ ಹೆಜ್ಜೆ: ಯಾವ ಬಾಗಿಲು ತೆರೆದಿದೆ ಎಂದು ನೋಡಿಕೊಳ್ಳಿ

ಫೈರ್‌ವಾಲ್ ಚಾಲೂ ಮಾಡುವುದಕ್ಕೆ ಮುಂಚೆ, ನಿಮ್ಮ ಕಂಪ್ಯೂಟರಿನಲ್ಲಿ ಹೊರಗಿನ ಸಂಪರ್ಕಕ್ಕಾಗಿ ಕಾದು ಕೂತಿರುವ ಪ್ರೋಗ್ರಾಮ್‌ಗಳು ಯಾವುವು ಎಂದು ತಿಳಿಯಬೇಕು. ಟರ್ಮಿನಲ್ ತೆರೆದು ಈ ಆದೇಶ ಕೊಡಿ (ಸುಡೋ ಎಂದರೆ ಮುಂದಿನ ಆದೇಶವನ್ನು ರೂಟ್ ಅಧಿಕಾರದಿಂದ ನಡೆಸು ಎಂದರ್ಥ):

ಸುಡೋ ಎಸ್‌ಎಸ್ -ಟಿಯುಎಲ್‌ಪಿಎನ್

ಅಂದರೆ ಸುಡೋ, ಖಾಲಿ ಜಾಗ, ಎರಡು ಸಲ ಎಸ್, ಖಾಲಿ ಜಾಗ, ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಟಿ, ಯು, ಎಲ್, ಪಿ, ಎನ್ ಎಂಬ ಐದು ಅಕ್ಷರಗಳು. ಪರದೆಯ ಮೇಲೆ ಬರುವ ಸಾಲುಗಳಲ್ಲಿ ನೀವು ನೋಡಬೇಕಾದ್ದು ಸ್ಥಳೀಯ ವಿಳಾಸದ ಅಂಕಣವನ್ನು. ಅಲ್ಲಿ 127.0.0.1:631 ಎಂದಿದ್ದರೆ ಅದು ಪ್ರಿಂಟರಿನ ವ್ಯವಸ್ಥೆಯಾದ ಕಪ್ಸ್. 127ರಿಂದ ಶುರುವಾಗುವ ವಿಳಾಸಗಳಿಗೆ ನಿಮ್ಮ ಕಂಪ್ಯೂಟರ್ ಬಿಟ್ಟು ಬೇರೆ ಯಾರೂ ಬರಲಾರರು. 127.0.0.53:53 ಎಂಬುದು ಹೆಸರುಗಳನ್ನು ವಿಳಾಸವಾಗಿ ಬಿಡಿಸಿಕೊಡುವ, ಲಿನಕ್ಸಿನ ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಸೇವೆ, ಅದೂ ನಿರಪಾಯ. ಆದರೆ ವಿಳಾಸದ ಜಾಗದಲ್ಲಿ 0.0.0.0 ಎಂದೋ, ನಕ್ಷತ್ರದ ಗುರುತೋ, ಚೌಕ ಆವರಣದಲ್ಲಿ ಎರಡು ವಿಸರ್ಗದಂಥ ಚಿಹ್ನೆಗಳೋ ಕಂಡರೆ, ಆ ಪ್ರೋಗ್ರಾಮ್ ನಿಮ್ಮ ಜಾಲದಲ್ಲಿರುವ ಯಾರು ಬಂದರೂ ಮಾತಾಡಲು ಸಿದ್ಧವಾಗಿದೆ ಎಂದರ್ಥ. ಸಾಲಿನ ಕೊನೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಆ ಪ್ರೋಗ್ರಾಮಿನ ಹೆಸರಿರುತ್ತದೆ. ಅವಾಹಿ ಎಂದಿದ್ದರೆ ಅದು ಜಾಲದಲ್ಲಿರುವ ಪ್ರಿಂಟರ್ ಮುಂತಾದವನ್ನು ಹುಡುಕುವ ಸೇವೆ. ಎಸ್‌ಎಸ್‌ಎಚ್‌ಡಿ ಎಂದಿದ್ದರೆ ದೂರದಿಂದ ಲಾಗಿನ್ ಆಗುವ ಸೇವೆ. ಎಸ್‌ಎಂಬಿಡಿ ಎಂದಿದ್ದರೆ ವಿಂಡೋಸ್‌ನವರೊಡನೆ ಫೋಲ್ಡರ್ ಹಂಚಿಕೊಳ್ಳುವ ಸಾಂಬಾ.

ಬೇಡದ ಸೇವೆಯನ್ನು ಫೈರ್‌ವಾಲಿನ ಹಿಂದೆ ಬಚ್ಚಿಡುವುದಕ್ಕಿಂತ ತೆಗೆದುಹಾಕುವುದೇ ಮೇಲು. ಇದಕ್ಕೆ ಹತ್ತಿರದ ಉದಾಹರಣೆಯೂ ಇದೆ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್-ಬ್ರೌಸ್ಡ್ ಎಂಬ ಪ್ರಿಂಟರ್ ಹುಡುಕುವ ಸೇವೆಯಲ್ಲಿ ಗಂಭೀರ ದೋಷಗಳು ಬಯಲಾದವು. ಅದು ಯುಡಿಪಿಯ (ಟಿಸಿಪಿಯಂತೆ ಜಾಲದಲ್ಲಿ ಮಾಹಿತಿ ಸಾಗಿಸುವ ಒಂದು ಬಗೆ) 631ನೇ ಪೋರ್ಟಿನಲ್ಲಿ ಎಲ್ಲರಿಗೂ ಕಿವಿಗೊಟ್ಟು ಕೂತಿರುತ್ತಿತ್ತು; ದಾಳಿಕೋರ ಕಳಿಸಿದ ಒಂದು ಸಂದೇಶದಿಂದ ನಕಲಿ ಪ್ರಿಂಟರ್ ಸೇರಿಕೊಂಡು, ಬಳಕೆದಾರ ಅದಕ್ಕೆ ಮುದ್ರಣ ಕೊಟ್ಟಾಗ ದಾಳಿಕೋರನ ಆದೇಶಗಳು ನಡೆಯುವ ಸಾಧ್ಯತೆಯಿತ್ತು. ಡೆಸ್ಕ್‌ಟಾಪಿನಲ್ಲಿ ಯಾವ ಬಾಗಿಲೂ ತೆರೆದಿರುವುದಿಲ್ಲ, ಹಾಗಾಗಿ ಫೈರ್‌ವಾಲ್ ಬೇಡ ಎಂದು ವಾದಿಸುತ್ತಿದ್ದವರಿಗೆ ಆ ದೋಷವೇ ಉತ್ತರವಾಯಿತು. ಫೈರ್‌ವಾಲ್ ಚಾಲೂ ಇದ್ದ ಲ್ಯಾಪ್‌ಟಾಪ್‌ಗಳಿಗೆ ಹೊರಗಿನ ಆ ಸಂದೇಶವೇ ತಲುಪುತ್ತಿರಲಿಲ್ಲ.

ಎರಡನೆಯ ಹೆಜ್ಜೆ: ಫೈರ್‌ವಾಲ್ ಚಾಲೂ ಮಾಡುವುದು

ಉಬುಂಟು ಮತ್ತು ಮಿಂಟ್‌ಗಳಲ್ಲಿ ಯುಎಫ್‌ಡಬ್ಲ್ಯು ಮೊದಲೇ ಇರುತ್ತದೆ, ಆದರೆ ಆಫ್ ಆಗಿರುತ್ತದೆ. ಮಿಂಟ್ ಬಳಸುವವರು ಮೆನುವಿನಲ್ಲಿ ‘ಫೈರ್‌ವಾಲ್’ ಎಂದು ಹುಡುಕಿದರೆ ಜಿಯುಎಫ್‌ಡಬ್ಲ್ಯು ಕಿಟಕಿ ತೆರೆಯುತ್ತದೆ. ಸ್ಟೇಟಸ್ ಎಂಬ ಗುಂಡಿಯನ್ನು ಸರಿಸಿ, ಒಳಬರುವುದಕ್ಕೆ ‘ಡಿನೈ’, ಹೊರಹೋಗುವುದಕ್ಕೆ ‘ಅಲೌ’ ಎಂದು ಇಟ್ಟರೆ ಕೆಲಸ ಮುಗಿಯಿತು. ಟರ್ಮಿನಲ್ ಇಷ್ಟಪಡುವವರು ಈ ಮೂರು ಆದೇಶಗಳನ್ನು ಒಂದಾದ ಮೇಲೊಂದು ಕೊಡಬೇಕು:

ಸುಡೋ ಯುಎಫ್‌ಡಬ್ಲ್ಯು ಡಿಫಾಲ್ಟ್ ಡಿನೈ ಇನ್‌ಕಮಿಂಗ್
ಸುಡೋ ಯುಎಫ್‌ಡಬ್ಲ್ಯು ಎನೇಬಲ್
ಸುಡೋ ಯುಎಫ್‌ಡಬ್ಲ್ಯು ಸ್ಟೇಟಸ್ ವರ್ಬೋಸ್

ಬ್ರೌಸಿಂಗ್, ಯುಪಿಐ, ವಿಡಿಯೊ ಕರೆ, ಅಪ್‌ಡೇಟ್ ಯಾವುದಕ್ಕೂ ಇದರಿಂದ ಅಡ್ಡಿಯಾಗದು. ಅವೆಲ್ಲ ನಿಮ್ಮ ಕಡೆಯಿಂದಲೇ ಶುರುವಾಗುವ ಸಂಪರ್ಕಗಳು. ಅವುಗಳಿಗೆ ಬರುವ ಉತ್ತರವನ್ನು ಫೈರ್‌ವಾಲ್ ಗುರುತಿಸಿ ಒಳಬಿಡುತ್ತದೆ. ಒಂದು ಎಚ್ಚರಿಕೆ ಮಾತ್ರ ಮುಖ್ಯ: ನೀವು ದೂರದಲ್ಲಿರುವ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ ಈ ಕೆಲಸ ಮಾಡುತ್ತಿದ್ದರೆ, ಎನೇಬಲ್ ಕೊಡುವ ಮೊದಲು ‘ಸುಡೋ ಯುಎಫ್‌ಡಬ್ಲ್ಯು ಲಿಮಿಟ್ ಎಸ್‌ಎಸ್‌ಎಚ್’ ಎಂಬ ಆದೇಶವನ್ನು ತಪ್ಪದೆ ಕೊಡಿ. ಇಲ್ಲವಾದರೆ ಮುಂದಿನ ಸಲ ನಿಮಗೇ ಒಳಗೆ ಹೋಗಲು ದಾರಿಯಿರುವುದಿಲ್ಲ. ಲಿಮಿಟ್ ಎಂಬ ಈ ನಿಯಮ ಬಾಗಿಲನ್ನು ತೆರೆದಿಟ್ಟು, ಒಂದೇ ವಿಳಾಸದಿಂದ 30 ಸೆಕೆಂಡಿನಲ್ಲಿ 6 ಅಥವಾ ಹೆಚ್ಚು ಸಲ ಬಡಿಯುವವರನ್ನು ತಡೆಯುತ್ತದೆ.

ಫೆಡೋರಾದಲ್ಲಿ ಫೈರ್‌ವಾಲ್‌ಡಿ ಮೊದಲೇ ಚಾಲೂ ಇರುತ್ತದೆ ಎಂದು ನೆಮ್ಮದಿಯಿಂದ ಇರುವವರು ಗಮನಿಸಬೇಕಾದ ಸಂಗತಿಯೊಂದಿದೆ. ಫೆಡೋರಾ ವರ್ಕ್‌ಸ್ಟೇಷನ್‌ನ ಮೂಲ ವಲಯದಲ್ಲಿ (ವಲಯವೆಂದರೆ ಫೈರ್‌ವಾಲ್ ನಿಯಮಗಳ ಒಂದು ಗುಂಪು) 1025ರಿಂದ 65535ರವರೆಗಿನ ಪೋರ್ಟ್‌ಗಳು ತೆರೆದೇ ಇರುತ್ತವೆ. ಮನೆಯಲ್ಲಿ ಅದರಿಂದ ಅಷ್ಟಾಗಿ ತೊಂದರೆಯಿಲ್ಲ. ಮಚ್ಛೆಯ ಹಾಸ್ಟೆಲಿನಲ್ಲೋ ಬಸ್ ನಿಲ್ದಾಣದ ವೈಫೈಯಲ್ಲೋ ಕೂತಿರುವಾಗ, ಆ ಸಂಪರ್ಕದ ಸೆಟ್ಟಿಂಗ್‌ನಲ್ಲಿ ವಲಯವನ್ನು ‘ಪಬ್ಲಿಕ್’ ಎಂದು ಬದಲಿಸಿಕೊಳ್ಳಿ.

ಹಾಸ್ಟೆಲ್ ಮಾತು ಬಂದಿದ್ದರಿಂದ ಹೇಳಬೇಕು: ರೂಟರ್ ಇದೆಯಲ್ಲ, ಅದೇ ಕಾಯುತ್ತದೆ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ರೂಟರ್ ತಡೆಯುವುದು ಹೊರಗಿನವರನ್ನು. ಅದೇ ವೈಫೈಗೆ ಸೇರಿಕೊಂಡಿರುವ ಪಕ್ಕದ ಕೋಣೆಯ ಲ್ಯಾಪ್‌ಟಾಪ್ ಅದರ ಲೆಕ್ಕದಲ್ಲಿ ಒಳಗಿನದು. ಮನೆಯಲ್ಲೂ ಈಗ ಪರಿಸ್ಥಿತಿ ಹಳೆಯದಲ್ಲ. ಐಪಿವಿ4 ಎಂಬ ಹಳೆಯ ಬಗೆಯ ಜಾಲ ವಿಳಾಸಗಳ ಕಾಲದಲ್ಲಿ ಮನೆಯ ಎಲ್ಲ ಸಾಧನಗಳೂ ರೂಟರಿನ ಒಂದೇ ವಿಳಾಸದ ಹಿಂದೆ ಮರೆಯಾಗಿರುತ್ತಿದ್ದವು. ಜಿಯೋದಂಥ ಜಾಲಗಳಲ್ಲಿ ಐಪಿವಿ6 ಎಂಬ ಹೊಸ ಬಗೆ ಬಂದ ಮೇಲೆ ಪ್ರತಿ ಸಾಧನಕ್ಕೂ ಜಗತ್ತಿನ ಯಾವ ಮೂಲೆಯಿಂದಲೂ ಗುರುತಿಸಬಹುದಾದ ತನ್ನದೇ ವಿಳಾಸ ಸಿಗುತ್ತದೆ. ಅಲ್ಲಿ ತಡೆಯುವುದು ರೂಟರಿನ ಐಪಿವಿ6 ಫೈರ್‌ವಾಲ್ ಒಂದೇ, ಅದು ಹೇಗಿದೆ ಎಂದು ನೋಡಿದವರು ಕಡಿಮೆ. ಯುಎಫ್‌ಡಬ್ಲ್ಯು ತಾನಾಗಿಯೇ ಎರಡೂ ಬಗೆಯ ವಿಳಾಸಗಳಿಗೆ ನಿಯಮ ಹಾಕುತ್ತದೆ.

ಬೇಕಾದವರಿಗೆ ಮಾತ್ರ ದಾರಿ ಬಿಡುವುದು

ಫೈರ್‌ವಾಲ್ ಚಾಲೂ ಮಾಡಿದ ಮೇಲೆ ಕೆಲವು ಸೌಲಭ್ಯಗಳು ನಿಲ್ಲುತ್ತವೆ. ಆಗ ಸಿಟ್ಟಿಗೆದ್ದು ಫೈರ್‌ವಾಲನ್ನೇ ಆಫ್ ಮಾಡುವ ಬದಲು, ಬೇಕಾದಷ್ಟಕ್ಕೆ ಮಾತ್ರ ದಾರಿ ಬಿಡಬೇಕು. ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೆಡಿಇ ಕನೆಕ್ಟ್‌ಗೆ 1714ರಿಂದ 1764ರವರೆಗಿನ ಪೋರ್ಟ್‌ಗಳು ಟಿಸಿಪಿ, ಯುಡಿಪಿ ಎರಡರಲ್ಲೂ ಬೇಕು. ‘ಸುಡೋ ಯುಎಫ್‌ಡಬ್ಲ್ಯು ಅಲೌ 1714:1764/ಟಿಸಿಪಿ’ ಎಂದೂ, ಕೊನೆಯಲ್ಲಿ ಯುಡಿಪಿ ಎಂದು ಬದಲಿಸಿ ಇನ್ನೊಮ್ಮೆಯೂ ಕೊಟ್ಟರಾಯಿತು.

ವರ್ಕ್‌ಶಾಪಿನ ಸಂದರ್ಭವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ತಪ್ಪುವುದು ಸುಲಭ. ಉದ್ಯಮಬಾಗದಂಥ ಕಡೆ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಡ್ರಾಯಿಂಗ್‌ಗಳನ್ನೂ ಸಿಎನ್‌ಸಿ ಪ್ರೋಗ್ರಾಮ್‌ಗಳನ್ನೂ ಇಟ್ಟು, ನಾಲ್ಕಾರು ವಿಂಡೋಸ್ ಕಂಪ್ಯೂಟರ್‌ಗಳಿಗೆ ಸಾಂಬಾ ಮೂಲಕ ಹಂಚುವುದು ರೂಢಿ. ಇಲ್ಲಿ 445ನೇ ಪೋರ್ಟನ್ನು ಎಲ್ಲರಿಗೂ ತೆರೆಯುವ ಅಗತ್ಯವಿಲ್ಲ. ಮೊದಲು ‘ಐಪಿ ಎ’ ಎಂಬ ಆದೇಶದಿಂದ ನಿಮ್ಮ ಜಾಲದ ವಿಳಾಸವನ್ನು ತಿಳಿದುಕೊಳ್ಳಿ, ಅದು 192.168.1ರಿಂದ ಶುರುವಾಗುತ್ತಿದ್ದರೆ ಹೀಗೆ ಬರೆಯಿರಿ:

ಸುಡೋ ಯುಎಫ್‌ಡಬ್ಲ್ಯು ಅಲೌ ಫ್ರಮ್ 192.168.1.0/24 ಟು ಎನಿ ಆ್ಯಪ್ ಸಾಂಬಾ

ಇದರಲ್ಲಿ ಸಾಂಬಾ ಎಂಬುದರ ಮೊದಲ ಅಕ್ಷರ ಮಾತ್ರ ದೊಡ್ಡದು. ಇಷ್ಟಾದರೆ ಒಳಗಿನ ಜಾಲದವರು ಮಾತ್ರ ಫೋಲ್ಡರ್ ನೋಡಬಲ್ಲರು. ಗ್ರಾಹಕರಿಗೆ ಕೊಡುವ ವೈಫೈ ಬೇರೆ ಇದ್ದರೆ ಅದನ್ನು ಬೇರೆ ಜಾಲವಾಗಿಯೇ ಇಡಿ. ಸಾಂಬಾ ಅಪ್‌ಡೇಟ್ ಆಗಿರುವುದೂ ಅಷ್ಟೇ ಮುಖ್ಯ: 2017ರ ಮೇ ತಿಂಗಳಲ್ಲಿ ಬಯಲಾದ ಒಂದು ದೋಷ 3.5.0 ಆವೃತ್ತಿಯಿಂದ ಆಚೆಗಿನ ಎಲ್ಲದರಲ್ಲೂ ಇತ್ತು. ಫೋಲ್ಡರಿಗೆ ಬರೆಯುವ ಅನುಮತಿ ಇದ್ದವರು ಅದನ್ನು ಬಳಸಿಕೊಂಡು ಸರ್ವರಿನಲ್ಲೇ ತಮ್ಮ ಪ್ರೋಗ್ರಾಮ್ ನಡೆಸಬಹುದಿತ್ತು. ದಾರಿ ಬಿಟ್ಟ ಮೇಲೆ ಆ ದಾರಿಯಲ್ಲಿ ಬರುವುದನ್ನು ಫೈರ್‌ವಾಲ್ ಪ್ರಶ್ನಿಸುವುದಿಲ್ಲ ಎಂಬುದನ್ನು ನೆನಪಿಡಬೇಕು. ಎಸ್‌ಎಸ್‌ಎಚ್‌ಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಪಾಸ್‌ವರ್ಡ್ ಲಾಗಿನ್ ತೆಗೆದು ಕೀಲಿ ಕಡತದಿಂದ ಮಾತ್ರ ಒಳಬರುವಂತೆ ಮಾಡುವುದು ಯಾವ ಫೈರ್‌ವಾಲ್ ನಿಯಮಕ್ಕಿಂತಲೂ ಹೆಚ್ಚಿನ ರಕ್ಷಣೆ.

ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ನಡೆಸುವ ಡಾಕರ್ ಬಳಸುವ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಷಯ: ಡಾಕರ್ ತನ್ನ ಪೋರ್ಟ್‌ಗಳನ್ನು ತೆರೆಯುವಾಗ ಯುಎಫ್‌ಡಬ್ಲ್ಯುವನ್ನು ಕೇಳುವುದಿಲ್ಲ, ಕರ್ನಲ್ಲಿನ ನಿಯಮಗಳಲ್ಲಿ ತಾನೇ ಬರೆದುಕೊಳ್ಳುತ್ತದೆ. ಸ್ಟೇಟಸ್‌ನಲ್ಲಿ ಎಲ್ಲವೂ ಮುಚ್ಚಿದಂತೆ ಕಂಡರೂ ಪ್ರಾಜೆಕ್ಟಿನ ಡೇಟಾಬೇಸ್ ಇಡೀ ಹಾಸ್ಟೆಲಿಗೆ ತೆರೆದಿರಬಹುದು. ಪೋರ್ಟ್ ಬರೆಯುವಾಗ ಮುಂದೆ 127.0.0.1 ಸೇರಿಸಿ, ಉದಾಹರಣೆಗೆ 127.0.0.1:5432:5432 ಎಂದು ಕೊಟ್ಟರೆ ಅದು ನಿಮ್ಮಲ್ಲಿಗಷ್ಟೇ ಸೀಮಿತವಾಗುತ್ತದೆ.

ಎಲ್ಲ ಆದ ಮೇಲೆ ಅದೇ ಜಾಲದ ಇನ್ನೊಂದು ಕಂಪ್ಯೂಟರಿನಿಂದ, ತೆರೆದ ಪೋರ್ಟ್‌ಗಳನ್ನು ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ. ಪೋರ್ಟ್‌ಗಳ ಮುಂದೆ ‘ಫಿಲ್ಟರ್ಡ್’ ಎಂದು ಬಂದರೆ ಫೈರ್‌ವಾಲ್ ಕೆಲಸ ಮಾಡುತ್ತಿದೆ. ನಿಮ್ಮ ಸ್ವಂತ ಸಾಧನಗಳ ಮೇಲೆ ಮಾತ್ರ ಇದನ್ನು ಮಾಡಿ. ಕಾಲೇಜಿನ ಜಾಲವನ್ನು ತಡಕಾಡಿದರೆ ಪ್ರಯೋಗಾಲಯದವರು ಸುಮ್ಮನಿರುವುದಿಲ್ಲ.

ಮೂರನೆಯ ಹೆಜ್ಜೆ: ಆಂಟಿವೈರಸ್, ಬೇಕಾದವರಿಗೆ

ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುವವರು, ವಿಂಡೋಸ್ ಬಳಸುವ ಗ್ರಾಹಕರಿಗೆ ಕಡತ ಕಳಿಸುವವರು, ಸಾಂಬಾ ಸರ್ವರ್ ಅಥವಾ ಮೇಲ್ ಸರ್ವರ್ ನಡೆಸುವವರು, ಲೆಕ್ಕಪರಿಶೋಧನೆಯ ನಿಯಮದಂತೆ ಆಂಟಿವೈರಸ್ ತೋರಿಸಲೇಬೇಕಾದ ಸಂಸ್ಥೆಗಳು: ಇಷ್ಟು ಜನಕ್ಕೆ ಅದು ಬೇಕು. ಉಳಿದವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು.

ಮುಕ್ತ ತಂತ್ರಾಂಶವಾಗಿ ಸಿಗುವುದು ಕ್ಲ್ಯಾಮ್‌ಎವಿ. ಈಗ ಅದನ್ನು ನೋಡಿಕೊಳ್ಳುತ್ತಿರುವುದು ಸಿಸ್ಕೊ. ‘ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಕ್ಲ್ಯಾಮ್‌ಎವಿ’ ಎಂದರೆ ಬರುತ್ತದೆ. ವೈರಸ್ ಪಟ್ಟಿಯನ್ನು ಫ್ರೆಶ್‌ಕ್ಲ್ಯಾಮ್ ಎಂಬ ಸೇವೆ ಹಿನ್ನೆಲೆಯಲ್ಲಿ ತಾನೇ ತರುತ್ತದೆ. ಇದನ್ನು ತಿಳಿಯದೆ ಫ್ರೆಶ್‌ಕ್ಲ್ಯಾಮ್ ಆದೇಶವನ್ನು ಕೈಯಿಂದ ಕೊಟ್ಟವರಿಗೆ, ಲಾಗ್ ಕಡತವನ್ನು ಬೇರೊಂದು ಪ್ರೋಗ್ರಾಮ್ ಹಿಡಿದುಕೊಂಡಿದೆ ಎಂಬ ದೋಷಸಂದೇಶ ಬರುತ್ತದೆ. ಹೆದರಬೇಕಾಗಿಲ್ಲ, ಆ ಬೇರೊಂದು ಪ್ರೋಗ್ರಾಮ್ ಎಂದರೆ ಹಿನ್ನೆಲೆಯ ಫ್ರೆಶ್‌ಕ್ಲ್ಯಾಮ್ ಸೇವೆಯೇ. ಪೆನ್‌ಡ್ರೈವ್ ಪರೀಕ್ಷಿಸಲು:

ಕ್ಲ್ಯಾಮ್‌ಸ್ಕ್ಯಾನ್ -ಆರ್ -ಐ /ಮೀಡಿಯಾ/ನಿಮ್ಮ-ಬಳಕೆದಾರ-ಹೆಸರು

ಆರ್ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ನೋಡು, ಐ ಎಂದರೆ ಸೋಂಕಿದ್ದದ್ದನ್ನು ಮಾತ್ರ ತೋರಿಸು ಎಂದರ್ಥ. ಶುರುವಿನಲ್ಲಿ ಕೆಲವು ಸೆಕೆಂಡು ಏನೂ ಆಗದಂತೆ ಕಂಡರೆ ಅದು ಪಟ್ಟಿಯನ್ನು ಮೆಮೊರಿಗೆ ತುಂಬಿಕೊಳ್ಳುತ್ತಿದೆ. ಅದಕ್ಕೆ ಒಂದು ಜಿಬಿಗಿಂತ ಹೆಚ್ಚು ರ್‍ಯಾಮ್ ಬೇಕಾಗುತ್ತದೆ. ಈ ಕಾರಣಕ್ಕೇ ನಾಲ್ಕು ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಹಿನ್ನೆಲೆಯಲ್ಲಿ ಸ್ಕ್ಯಾನ್ ಮಾಡುವ ಕ್ಲ್ಯಾಮ್‌ಡಿ ಸೇವೆಯನ್ನು ಸದಾ ಚಾಲೂ ಇಡುವುದನ್ನು ನಾನು ಬೇಡವೆನ್ನುತ್ತೇನೆ. ಅಳಿಸಿಹಾಕುವ ಆಯ್ಕೆಯನ್ನೂ ಕೊಡಬೇಡಿ. ಸುಳ್ಳು ಎಚ್ಚರಿಕೆಗಳು ಬರುವುದುಂಟು, ಅದನ್ನು ನಂಬಿ ಗ್ರಾಹಕರ ಲೆಕ್ಕದ ಹಾಳೆ ಕಳೆದುಕೊಂಡರೆ ಮರಳಿ ಸಿಗದು.

ಝೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವಿನ ವಿಷಯದಲ್ಲಿ ಸ್ಕ್ಯಾನ್ ಮಾಡುವ ಮೊದಲೇ ಕಣ್ಣಿಗೆ ಕಾಣುವ ಗುರುತುಗಳಿವೆ. ಶಾರ್ಟ್‌ಕಟ್ ವೈರಸ್ ವಿಂಡೋಸ್‌ನಲ್ಲಿ ನಿಮ್ಮ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಲಿನಕ್ಸ್ ವಿಂಡೋಸ್‌ನ ಆ ‘ಹಿಡನ್’ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಎಲ್ಲವೂ ಬಯಲಾಗಿ ಕಾಣುತ್ತದೆ: ಒಂದು ಕಡೆ ನಿಮ್ಮ ಪ್ರಾಜೆಕ್ಟ್ ವರದಿ, ಕೆಲವೊಮ್ಮೆ ಹೆಸರೇ ಇಲ್ಲದಂತೆ ತೋರುವ ಒಂದು ಫೋಲ್ಡರಿನ ಒಳಗೆ; ಇನ್ನೊಂದು ಕಡೆ ಎಲ್‌ಎನ್‌ಕೆ ಎಂದು ಕೊನೆಯಾಗುವ ಪುಟ್ಟ ಕಡತಗಳು, ನೀವು ಹಾಕಿರದ ವಿಬಿಎಸ್ ಅಥವಾ ಇಎಕ್ಸ್‌ಇ ಕಡತ. ನಿಮ್ಮ ಕಡತಗಳನ್ನು ನಕಲು ಮಾಡಿಕೊಂಡು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುವುದು ಸ್ವಚ್ಛವಾದ ದಾರಿ. ಸಾಧ್ಯವಾದಲ್ಲಿ ಅಂಗಡಿಗೆ ಪಿಡಿಎಫನ್ನು ಮೇಲ್ ಮಾಡುವುದು ಅದಕ್ಕಿಂತ ಮೇಲು.

ವೈನ್ ಮೂಲಕ ವಿಂಡೋಸ್ ಪ್ರೋಗ್ರಾಮ್ ನಡೆಸುವವರಿಗೆ ಆಂಟಿವೈರಸ್ಸಿನ ಪ್ರಶ್ನೆ ಸ್ವಲ್ಪ ಬೇರೆ. ವೈನ್ ನಿಮ್ಮ ಇಡೀ ಕಡತ ವ್ಯವಸ್ಥೆಯನ್ನು ಝಡ್ ಡ್ರೈವ್ ಎಂದು ತೋರಿಸುತ್ತದೆ. ವಿಂಡೋಸ್‌ಗೆಂದು ಬರೆದ ದುಷ್ಟ ತಂತ್ರಾಂಶ ಅದರಲ್ಲಿ ನಡೆದರೆ ನಿಮ್ಮ ಹೋಮ್ ಫೋಲ್ಡರ್ ಅದರ ಕೈಗೆಟಕುತ್ತದೆ. ವೈನ್‌ನಲ್ಲಿ ತೆರೆಯುವ ಪ್ರತಿ ಸೆಟಪ್ ಕಡತವನ್ನೂ ಮೊದಲು ಸ್ಕ್ಯಾನ್ ಮಾಡಿ.

ನಾಲ್ಕನೆಯ ಹೆಜ್ಜೆ: ಒಳಗೆ ಬಿಟ್ಟುಕೊಳ್ಳುವುದನ್ನು ಪರೀಕ್ಷಿಸುವುದು

2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಬದಲಿಸಿ, ಹಿಂಬಾಗಿಲಿದ್ದ ಐಎಸ್‌ಒ ಕಡತವನ್ನು (ಲಿನಕ್ಸ್ ಸ್ಥಾಪಿಸಲು ಇಳಿಸಿಕೊಳ್ಳುವ ಕಡತ) ಹಂಚಿದರು. 2025ರ ಜುಲೈಯಲ್ಲಿ ಆರ್ಚ್ ಲಿನಕ್ಸ್‌ನ, ಬಳಕೆದಾರರೇ ಪ್ಯಾಕೇಜ್ ಸೇರಿಸುವ ಭಂಡಾರದಲ್ಲಿ ಫೈರ್‌ಫಾಕ್ಸ್ ಮುಂತಾದ ಬ್ರೌಸರ್‌ಗಳ ಹೆಸರಿನಲ್ಲಿ ಸೇರಿಸಿದ್ದ ಪ್ಯಾಕೇಜ್‌ಗಳು ದೂರದಿಂದ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ತಂತ್ರಾಂಶವನ್ನು ತರುತ್ತಿದ್ದವು. ಇಂಥ ಕಡೆ ಬಳಕೆದಾರ ತಾನೇ ಸುಡೋ ಪಾಸ್‌ವರ್ಡ್ ಕೊಟ್ಟು ಅದನ್ನು ಬರಮಾಡಿಕೊಳ್ಳುತ್ತಾನೆ, ಮತ್ತು ಅದು ಒಳಗಿನಿಂದ ಹೊರಗೆ ಸಂಪರ್ಕ ಮಾಡುವುದರಿಂದ ಫೈರ್‌ವಾಲ್ ಏನೂ ಹೇಳುವುದಿಲ್ಲ.

ಆದ್ದರಿಂದ ತಂತ್ರಾಂಶವನ್ನು ವಿತರಣೆಯ ಭಂಡಾರದಿಂದಲೇ ತೆಗೆದುಕೊಳ್ಳಿ. ಐಎಸ್‌ಒ ಇಳಿಸಿದಾಗ ಎಸ್‌ಎಚ್‌ಎ256 ಮೊತ್ತವನ್ನೂ (ಕಡತ ಬದಲಾಗಿಲ್ಲವೆಂದು ತಾಳೆ ನೋಡುವ ಗುರುತು) ಅದರ ಜಿಪಿಜಿ ಸಹಿಯನ್ನೂ (ತಯಾರಕರ ಡಿಜಿಟಲ್ ಸಹಿ) ಪರಿಶೀಲಿಸಿ. ತಾಣವನ್ನೇ ಕೆಡಿಸಿದವನು ಅಲ್ಲಿ ಬರೆದಿರುವ ಮೊತ್ತವನ್ನೂ ಬದಲಿಸಬಲ್ಲ, ಸಹಿಯನ್ನು ಬದಲಿಸಲಾರ. ಯೂಟ್ಯೂಬ್ ವಿಡಿಯೊದಲ್ಲಿ ಹೇಳಿದರೆಂದು ಕರ್ಲ್‌ನಿಂದ ಶುರುವಾಗಿ ಸುಡೋ ಬ್ಯಾಷ್‌ನಲ್ಲಿ ಮುಗಿಯುವ ಸಾಲನ್ನು (ಜಾಲದಿಂದ ಇಳಿಸಿದ್ದನ್ನು ನೇರವಾಗಿ ರೂಟ್ ಅಧಿಕಾರದಿಂದ ನಡೆಸುವ ಆದೇಶವನ್ನು) ಓದದೆ ಅಂಟಿಸಬೇಡಿ.

ಭಂಡಾರವೂ ನೂರಕ್ಕೆ ನೂರು ಭದ್ರವೆಂದಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸಿಕ್ಕಿತು. ಅದನ್ನು ಹಿಡಿದಿದ್ದು ಯಾವ ಆಂಟಿವೈರಸ್ಸೂ ಅಲ್ಲ. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಆ ಆವೃತ್ತಿಗಳು ಡೆಬಿಯನ್, ಉಬುಂಟುಗಳ ಸ್ಥಿರ ಬಿಡುಗಡೆಗಳನ್ನು ತಲುಪುವ ಮೊದಲೇ ಸಿಕ್ಕಿಬಿದ್ದವು. ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಿಕೊಳ್ಳುತ್ತ, ಆದರೆ ದೀರ್ಘಾವಧಿ ಬೆಂಬಲದ ಸ್ಥಿರ ಆವೃತ್ತಿಯಲ್ಲೇ ಇರಿ ಎಂದು ಕಚೇರಿ ಕೆಲಸದವರಿಗೆ ನಾನು ಹೇಳುವುದು ಇದಕ್ಕೇ.

ಅನುಮಾನ ಬಂದಾಗ

ಕೆಲಸವಿಲ್ಲದಾಗಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಟಾಪ್ ಆದೇಶ ಕೊಟ್ಟು ಪ್ರೊಸೆಸರನ್ನು ತಿನ್ನುತ್ತಿರುವುದು ಯಾವುದೆಂದು ನೋಡಿ. ಬಹಳ ಸಲ ಅದು ಬ್ರೌಸರಿನ ಒಂದು ಟ್ಯಾಬ್ ಆಗಿರುತ್ತದೆ. ನಿಜವಾಗಿಯೂ ಗುರುತಿಲ್ಲದ ಪ್ರೋಗ್ರಾಮ್ ಕಂಡರೆ ಮೊದಲು ವೈಫೈ ಆಫ್ ಮಾಡಿ. ನಂತರ ಬೇರೆ ಸಾಧನದಿಂದ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೋಂಕನ್ನು ಹೆಕ್ಕಿ ತೆಗೆಯುತ್ತ ಕೂರುವುದಕ್ಕಿಂತ ದಾಖಲೆಗಳನ್ನು ಮಾತ್ರ ಹೊರಗೆ ತೆಗೆದುಕೊಂಡು ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು ಮೇಲು. ಹೋಮ್ ಫೋಲ್ಡರನ್ನು ಇಡಿಯಾಗಿ ಮರಳಿ ತರುವಾಗ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳನ್ನು ಬಿಟ್ಟುಬಿಡಿ. ಕಂಪ್ಯೂಟರ್ ಚಾಲೂ ಆದೊಡನೆ ನಡೆಯಬೇಕಾದ ಪ್ರೋಗ್ರಾಮ್‌ಗಳ ಪಟ್ಟಿ ಅವುಗಳ ಒಳಗಿನ ಆಟೋಸ್ಟಾರ್ಟ್ ಫೋಲ್ಡರಿನಲ್ಲಿರುತ್ತದೆ, ಹಳೆಯ ಉಪದ್ರವ ಆ ದಾರಿಯಲ್ಲೂ ಹೊಸ ವ್ಯವಸ್ಥೆಗೆ ಬರಬಹುದು.